ಹೊಸ ಮೋಲ್ಡಿಗೆ ಉಳಿ

ಶ್ರೀರಂಗಪಟ್ಟಣ
೧೫ ಮಾರ್ಚ್ ೧೯೯೪

ಪ್ರಿಯ ಮಾನಸ,

ಭಾನುವಾರ ನಮ್ಮೂರ ಸಮುದಾಯ ಭವನಕ್ಕೆ ಮೋಲ್ಡು ಹಾಕಿಸಿದೆ. ಎರಡು ದಿನವಾದರೂ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಮಂಡ್ಯದ ಕಾಲೇಜು ಬಿಟ್ಟ ಮೇಲೆ ಮೂರು ವರ್ಷ ಮೈಸೂರಿನ ಶಿವಲಿಂಗಯ್ಯನವರ ಆಫೀಸಿನಲ್ಲಿ ಬೇರೆಯವರ ಲೆಕ್ಕಕ್ಕೆ ಗೆರೆ ಎಳೆದವಳು ನಾನು. ಅದೇ ಆಫೀಸಿನಿಂದ ಇದು ನನ್ನ ಮೊದಲ ಸ್ವಂತ ಕಟ್ಟಡ. ಲೆಕ್ಕ ನನ್ನದು, ನಕ್ಷೆ ನನ್ನದು, ಸೈಟು ನನ್ನದು. ಊರೂ ನನ್ನದೇ, ತೊಂದರೆ ಇರುವುದೇ ಅಲ್ಲಿ.

ಬೂಕನಕೆರೆ ದಾಟಿ ಸಿಗುವ ನಮ್ಮ ಗೌರಿಕೊಪ್ಪಲನ್ನು ನೀನು ನೋಡಿದ್ದೀಯ. ಕಟ್ಟಡ ಸಮಿತಿಗೆ ಅಧ್ಯಕ್ಷ ನಮ್ಮಪ್ಪ ಕರಿಯಪ್ಪ. ನನ್ನನ್ನು ಸಿವಿಲ್ ಓದಿಸಿದಾಗ ‘ಹೆಣ್ಮಗೀನ ಗಾರೆ ಕೆಲ್ಸಕ್ಕೆ ಬುಟ್ಟವ್ನೆ’ ಎಂದು ನಕ್ಕವರಿಗೆ ಉತ್ತರ ಕೊಡಲು ಅವನು ಇಷ್ಟು ವರ್ಷ ಕಾದಿದ್ದ. ‘ಮೇಲ್ಗಡೆ ಮುಂದ್ಕೆ ಒಂದ್ ಬಾಲ್ಕನಿ ಇರ್ಲಿ ಕಣವ್ವ. ಮದ್ವೆ ಎಣ್ಣುಗಂಡು ಅಲ್ ನಿಂತು ಊರ್ಗೆಲ್ಲ ಕೈ ಮುಗೀಬೇಕು’ ಎಂದ. ಗೋಡೆಗೆ ಅಂಟಿಕೊಂಡೇ ರಸ್ತೆ, ಅಲ್ಲೇ ಕೆ.ಆರ್.ಪೇಟೆ ಬಸ್ಸು ತಿರುಗುವುದು. ಹಾಗಾಗಿ ಕೆಳಗೆ ಕಂಬವಿಲ್ಲದೆ, ಗೋಡೆಯಿಂದ ಆರಡಿ ಆಚೆಗೆ ಚಾಚಿದ ಬಾಲ್ಕನಿ ಮಾಡಿದೆ. ಹತ್ತು ಸಲ ಲೆಕ್ಕ ನೋಡಿದ್ದೇನೆ. ಲೆಕ್ಕದಲ್ಲಿ ತಪ್ಪಿಲ್ಲ.

ನಮ್ಮೂರಲ್ಲಿ ಊರೊಟ್ಟಿನ ಕಟ್ಟಡಕ್ಕೆ ಮೋಲ್ಡು ಹಾಕುವಾಗ ಮನೆಗೊಬ್ಬ ಗಂಡಸು ಹತ್ತಿ ಒಂದು ಬಾಂಡ್ಲಿ ಕಾಂಕ್ರೀಟು ಸುರಿಯಬೇಕು. ಸುರಿಯದಿದ್ದ ಮನೆಗೆ ಆ ಕಟ್ಟಡದಲ್ಲಿ ಹಕ್ಕಿಲ್ಲವಂತೆ. ಸರಿ, ಎಲ್ಲರೂ ಹತ್ತಿದರು. ನನ್ನನ್ನು ಮಾತ್ರ ಕೆಳಗೆ ಶಾಮಿಯಾನದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಶಾಲು, ಹಾರ, ಮಡಿಲಿಗೆ ತೆಂಗಿನಕಾಯಿ. ಮಡಿಲು ತುಂಬಿದ ಮೇಲೆ ಆರತಿ ಆಗುವ ತನಕ ಏಳಬಾರದಂತೆ! ಊರಿನವರೆಲ್ಲ ನನ್ನನ್ನೇ ನೋಡುತ್ತಿದ್ದರು ಮಾನಸ, ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಗಿತ್ತು.

ಅಷ್ಟರಲ್ಲಿ ಫೋಟೊದವನು ರಸ್ತೆಯಲ್ಲಿ ನಿಂತು ‘ಎಲ್ರೂ ಮುಂದ್ಕ್ ಬನ್ನಿ, ಒಟ್ಗೆ ಒಂದ್ ಪಟ ತೆಗೀತೀನಿ’ ಎಂದು ಕೂಗಿದನಂತೆ. ಮೇಲಿದ್ದವರೆಲ್ಲ ಬಾಲ್ಕನಿಗೆ ಬಂದು ಎರಡು ಸಾಲಾಗಿ ನಿಂತರಂತೆ. ಕಟ್ಟಿಟ್ಟ ಕಂಬಿಗಳ ಮೇಲೆ! ನಾನು ಮೇಲೆ ಹೋಗುವ ಹೊತ್ತಿಗೆ ಅಲ್ಲಿಗೆ ಕಾಂಕ್ರೀಟು ಬಿದ್ದಾಗಿತ್ತು. ಅಂಥ ಬಾಲ್ಕನಿಯ ಜೀವವೆಲ್ಲ ಮೇಲ್ಗಡೆಯ ಕಂಬಿಯಲ್ಲಿ, ನಿನಗೇನು ಹೇಳುವುದು. ಅದು ಜನರ ಕಾಲಡಿ ಜಗ್ಗಿ ತಳಕ್ಕೆ ಕೂತಿದ್ದರೆ ಹಾಕಿದ್ದೂ ಒಂದೇ, ಹಾಕದಿದ್ದುದೂ ಒಂದೇ. ಕಂಟ್ರಾಕ್ಟರ್ ಚಿಕ್ಕಸ್ವಾಮಿಯನ್ನು ಕೇಳಿದೆ. ‘ಎಲ್ಲಾ ಎತ್ತಿ ಕಟ್ಸಿವ್ನಿ ಮೇಡಂ, ನಾನೇನ್ ನೆನ್ನೆ ಮೊನ್ನೆಯೋನಾ?’ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

ಈಗ ಬಾಲ್ಕನಿಯನ್ನು ಕೆಳಗೆ ಸೆಂಟ್ರಿಂಗ್ ಕಂಬಗಳು ಹೊತ್ತು ನಿಂತಿವೆ. ಅವನ್ನು ತೆಗೆದ ದಿನ ಏನಾಗುತ್ತದೆ? ಬೇಗ ಬರೆ.

ನಿನ್ನ
ರಂಜಿತ


ಸಂಗಮೇಶ್ವರ, ರತ್ನಗಿರಿ ಜಿಲ್ಲೆ
೨೬ ಮಾರ್ಚ್ ೧೯೯೪

ಪ್ರಿಯ ರಂಜಿ,

ಶಾಲು ಹೊದ್ದ ಇಂಜಿನಿಯರಮ್ಮನಿಗೆ ಅಡ್ಡಬಿದ್ದೆ! ಇಲ್ಲಿ ನನಗೆ ಶಾಲು ಹೊದಿಸುವವರು ಯಾರೂ ಇಲ್ಲ, ಹೊದಿಸಿದರೂ ಈ ಸೆಕೆಗೆ ಸತ್ತೇ ಹೋಗುತ್ತೇನೆ.

ನಮ್ಮ ರೈಲು ಸೇತುವೆಯ ಕಂಬಗಳು ಈಗ ತೆಂಗಿನ ಮರಗಳನ್ನು ದಾಟಿ ಮೇಲೆ ಹೋಗಿವೆ. ತುದಿಯಲ್ಲಿ ನಿಂತರೆ ಹೊಳೆಯ ದೋಣಿಗಳು ಸೌತೆಬೀಜದಷ್ಟು ಕಾಣುತ್ತವೆ. ಮೊದಮೊದಲು ತಲೆ ಸುತ್ತುತ್ತಿತ್ತು, ಈಗ ಹಿತ್ತಲಿಗೆ ಹೋಗಿ ಬಂದಷ್ಟು ಸಲೀಸು. ನೀನೂ ನನ್ನ ಜೊತೆ ಈ ಕೆಲಸಕ್ಕೆ ಅಪ್ಲಿಕೇಶನ್ ಹಾಕಿದ್ದರೆ ಇಬ್ಬರೂ ಇಲ್ಲೇ ಇರುತ್ತಿದ್ದೆವು. ಅಪ್ಪನ ಕಣ್ಣಳತೆ ಬಿಟ್ಟು ಹೋಗಲಾರೆ ಎಂದವಳು ನೀನೇ.

ನಿನ್ನ ಬಾಲ್ಕನಿಗೆ ಔಷಧ ಸುಲಭವಿದೆ. ಸೆಂಟ್ರಿಂಗ್ ಇರುವಾಗಲೇ, ಗೋಡೆಯ ಅಂಚಿನಲ್ಲಿ, ಮೇಲಿನಿಂದ ಒಂದು ಗೇಣಗಲ ಉಳಿಯಲ್ಲಿ ಅಗೆದು ನೋಡು. ಒಂದಂಗುಲದೊಳಗೆ ಕಂಬಿ ಸಿಕ್ಕರೆ ಸಿಮೆಂಟು ಮೆತ್ತಿ ಹೋಗಿ ಮಲಗು. ಸಿಗದಿದ್ದರೆ ಒಡೆಸು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ.

ಒಂದು ಮಾತು. ‘ನಾನು ಮೇಲೆ ಹೋಗುವ ಹೊತ್ತಿಗೆ’ ಎಂದು ಬರೆದಿದ್ದೀಯ. ಫೋಟೊದವನು ಕೂಗಿದ್ದು ಶಾಮಿಯಾನಕ್ಕೆ ಕೇಳಿಸಲಿಲ್ಲವೇ?

ಮಾನಸ


ಶ್ರೀರಂಗಪಟ್ಟಣ
೬ ಏಪ್ರಿಲ್ ೧೯೯೪

ಪ್ರಿಯ ಮಾನಸ,

ಲಕೋಟೆಯ ಮೇಲಿನ ವಿಳಾಸವನ್ನೂ ಟೈಪು ಮಾಡಿಸುತ್ತೀಯಲ್ಲ, ನಿನ್ನ ಕೈಕೆಳಗೆ ಟೈಪಿಸ್ಟ್ ಬೇರೆ ಇದ್ದಾನೆಯೇ? ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ನಿಮ್ಮಮ್ಮನನ್ನು ನೋಡಿ ಬಂದೆ. ಹಳದಿ ಟೋಪಿ ಹಾಕಿಕೊಂಡು ಸೇತುವೆ ಕಂಬದ ಮುಂದೆ ನಿಂತ ನಿನ್ನ ಫೋಟೊವನ್ನು ಜಯಲಕ್ಷ್ಮಮ್ಮನವರು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಾರೆ. ‘ನನ್ ಮಗಳು ಸಮುದ್ರದ್ ಮೇಲೆ ರೈಲು ಓಡುಸ್ತಾವ್ಳೆ’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ನಿಜ ಹೇಳಲೇ, ಹೊಟ್ಟೆ ಉರಿಯಿತು.

ನಿನ್ನ ಔಷಧದ ಕಥೆ ಕೇಳು. ಸಮಿತಿಯ ಮುಂದೆ ಉಳಿಯ ಮಾತೆತ್ತಿದೆ. ಎಲ್ಲರೂ ಹಾವು ಕಂಡವರ ಹಾಗೆ ನೋಡಿದರು. ‘ಹೊಸ ಮೋಲ್ಡಿಗೆ ಉಳಿ ಇಡೋದಾ? ಒಟ್ಟೇಲಿರೋ ಕೂಸಿಗೆ ಕತ್ತಿ ಆಕ್ದಂಗೆ ಕಣವ್ವ’ ಎಂದ ಅಪ್ಪ. ಕೈ ಚಾಚಿ ಅವನಿಗೆ ತೋರಿಸಿದೆ: ‘ಹಿಂಗೆ ತೋಳು ಚಾಚಿ ತುಂಬಿದ ಕೊಡ ಹಿಡ್ಕೊಂಡ್ರೆ ಎಲ್ಲಿ ಸೆಳೆಯುತ್ತೆ ಹೇಳು? ತೋಳಿನ ಮೇಲ್ಗಡೆ ತಾನೆ? ಕಂಬಿ ಅಲ್ಲೇ ಇರ್ಬೇಕು. ನೀವೆಲ್ಲ ನಿಂತು ಅದನ್ನ ಕೆಳಕ್ಕೆ ತುಳಿದಿದ್ರೆ?’ ಅಪ್ಪ ತನ್ನ ತೋಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಎಲ್ಲರ ಎದುರಿಗೇ, ‘ನಾವ್ ತುಳಿದ್ವಾ? ನಾವ್ ಪುಣ್ಯಕ್ಕೆ ಅಂತ ಮೇಲಕ್ ಅತ್ತಿದ್ದು’ ಎಂದ. ಅಲ್ಲಿಗೆ ಮುಗಿಯಿತು. ಹಿತ್ತಲ ಗಿಡ ಮದ್ದಲ್ಲ. ಮೈಸೂರಿಂದ ಗಂಡಸೊಬ್ಬ ಬಂದು ಇದೇ ಮಾತು ಹೇಳಿದ್ದರೆ ಅವನಿಗೆ ಎಳನೀರು ಕೊಟ್ಟು ಕೇಳುತ್ತಿದ್ದರು.

ಶಿವಲಿಂಗಯ್ಯನವರ ಹತ್ತಿರ ಹೋದೆ. ‘ಊರಿನವರ ಜೊತೆ ಯಾಕಮ್ಮ ಜಗಳ? ಇನ್ನೊಂದಿಷ್ಟು ದಿನ ಸೆಂಟ್ರಿಂಗ್ ಬಿಡಿ. ಏನೂ ಆಗಲ್ಲ’ ಎಂದರು. ಏನೂ ಆಗುವುದಿಲ್ಲ ಎಂದು ಬರೆದುಕೊಡಿ ಎಂದೆ. ಕನ್ನಡಕ ತೆಗೆದು ಒರೆಸತೊಡಗಿದರು.

ಅಕ್ಷಯ ತೃತೀಯಕ್ಕೆ ಭವನದಲ್ಲಿ ಮೊದಲ ಮದುವೆ. ಹುಡುಗಿ ನಮ್ಮ ಪಕ್ಕದ ಮನೆಯ ಅರ್ಪಿತ. ಚಿಕ್ಕವಳಿದ್ದಾಗ ನಾನೇ ಎಣ್ಣೆ ಹಚ್ಚಿ ನೀರು ಹಾಕಿದ ಹುಡುಗಿ. ಅವಳು ಗಂಡನ ಜೊತೆ ಆ ಬಾಲ್ಕನಿಯಲ್ಲಿ ನಿಂತು ಕೈ ಮುಗಿಯುತ್ತಾಳೆ. ಹಿಂದೆ ಮುಂದೆ ನೆಂಟರಿಷ್ಟರು ನಿಲ್ಲುತ್ತಾರೆ, ಕೆಳಗೆ ವಾಲಗದವರು ಇರುತ್ತಾರೆ. ನೆನೆದರೆ ಎದ್ದು ಕೋಣೆಯೊಳಗೇ ತಿರುಗಾಡುತ್ತೇನೆ. ಒಡೆಸಿದರೆ ಅಪ್ಪನ ಮುಖ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಒಡೆಸದಿದ್ದರೆ ಏನು ಹೋಗುತ್ತದೋ ಗೊತ್ತಿಲ್ಲ.

ನೀನಾದರೆ ಏನು ಮಾಡುತ್ತಿದ್ದೆ? ಅಷ್ಟು ಎತ್ತರದಲ್ಲಿ, ಅಷ್ಟು ಗಂಡಸರ ನಡುವೆ ಕೆಲಸ ಮಾಡುವವಳು ನೀನು. ನೀನು ಹೇಳಿದ ಹಾಗೆ ಮಾಡುತ್ತೇನೆ.

ರಂಜಿತ


ಸಂಗಮೇಶ್ವರ
೧೫ ಏಪ್ರಿಲ್ ೧೯೯೪

ರಂಜಿ,

ನಾನಾದರೆ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದ್ದೇ ನಿನ್ನ ತಪ್ಪು. ಹೋದ ತಿಂಗಳು ಇಲ್ಲಿ ಒಂದು ಕಂಬದ ತಲೆಯಲ್ಲಿ ಕಾಂಕ್ರೀಟು ಸರಿಯಾಗಿ ಕೂತಿರಲಿಲ್ಲ. ದೊಡ್ಡ ಸಾಹೇಬರೇ ‘ಮುಚ್ಚಿಬಿಡಿ’ ಎಂದರು. ನಾನು ಬಿಡಲಿಲ್ಲ. ತುದಿಯಲ್ಲಿ ನಾನೇ ನಿಂತು ಅಷ್ಟನ್ನೂ ಒಡೆಸಿದೆ. ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಬಂದು ‘ಮೇಡಂ, ನೀವು ಹೇಳಿದ್ದು ಸರಿ’ ಎಂದರು.

ಇಂಜಿನಿಯರು ಎಂದರೆ ಸಮಿತಿ ಕರೆದು ಕೈ ಎತ್ತಿಸುವವಳಲ್ಲ. ಉಳಿ ತೆಗೆದುಕೋ, ಹತ್ತು, ಹೊಡೆ. ಅಪ್ಪನ ಮುಖ ಇವತ್ತು ಹೋದರೆ ನಾಳೆ ಬರುತ್ತದೆ. ಅರ್ಪಿತಳ ಜೀವ ಹೋದರೆ ಬರುವುದಿಲ್ಲ.

ಮಾನಸ


ಸಂಗಮೇಶ್ವರ
೧೮ ಏಪ್ರಿಲ್ ೧೯೯೪

ರಂಜಿ,

ಹದಿನೈದನೆಯ ತಾರೀಖಿನ ನನ್ನ ಕಾಗದ ನಿನಗೆ ಸೇರುವ ಮೊದಲೇ ಇದು ಸೇರಲಿ. ನಿನ್ನ ಆಫೀಸಿಗೆ ಎಸ್‌ಟಿಡಿ ಮಾಡಿದೆ, ‘ಸೈಟಿಗೆ ಹೋಗಿದ್ದಾರೆ’ ಎಂದು ಇಟ್ಟುಬಿಟ್ಟರು.

ಕಂಬದ ತಲೆ ಒಡೆಸಿದವಳು ನಾನಲ್ಲ. ಅಂಥದ್ದೊಂದು ಇಲ್ಲಿ ನಡೆದದ್ದು ನಿಜ, ಒಡೆಸಿದವರು ಬೇರೆ. ಅದರ ವರದಿಯನ್ನು ನಾನು ಟೈಪು ಮಾಡಿದೆ, ಅಷ್ಟೆ. ನಿನ್ನ ಲಕೋಟೆಯ ವಿಳಾಸ ಟೈಪು ಮಾಡುವವಳೂ ನಾನೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ‘ಮೇಲೆ ಹೆಂಗಸರಿಗೆ ಸೌಕರ್ಯ ಇಲ್ಲ’ ಎಂದು ನನ್ನನ್ನು ತಗಡಿನ ಆಫೀಸಿನಲ್ಲಿ ಕೂರಿಸಿದರು. ಬಿಲ್ಲು ಬರೆಯುತ್ತೇನೆ, ಬಂದವರಿಗೆ ಚಹಾಕ್ಕೆ ಹೇಳುತ್ತೇನೆ. ಎರಡೂವರೆ ವರ್ಷದಲ್ಲಿ ಒಂದು ಸಲವೂ ಕಂಬ ಹತ್ತಿಲ್ಲ. ಅಮ್ಮನ ಹತ್ತಿರ ಇರುವ ಫೋಟೊದಲ್ಲಿನ ಟೋಪಿ ಕಾವಲುಗಾರನದು.

ನಿನಗೆ ಹೇಗೆ ಹೇಳಲಿ? ಕಾಲೇಜಿನಲ್ಲಿ ಮೊದಲ ರ‍್ಯಾಂಕು ನನ್ನದು, ನಿನಗೆ ಲೆಕ್ಕ ಹೇಳಿಕೊಟ್ಟವಳು ನಾನು. ನಿನಗೆ ಸ್ವಂತ ಕಟ್ಟಡ ಸಿಕ್ಕಿತು, ನನಗೆ ಟೈಪ್‌ರೈಟರು ಸಿಕ್ಕಿತು. ಅದಕ್ಕೇ ಕಾಗದದಲ್ಲಾದರೂ ಹತ್ತುತ್ತಿದ್ದೆ. ಆದರೆ ನೀನು ‘ಹೇಳಿದ ಹಾಗೆ ಮಾಡುತ್ತೇನೆ’ ಎಂದು ಬರೆದಾಗಲಾದರೂ ನಿಲ್ಲಿಸಬೇಕಿತ್ತು, ಆದರೂ ಬರೆದು ಹಾಕಿದೆ.

ಒಬ್ಬ ಮೇಸ್ತ್ರಿಯ ಎದುರೂ ಗಟ್ಟಿಯಾಗಿ ಮಾತಾಡದವಳ ಮಾತು ಕೇಳಿ ನಿನ್ನಪ್ಪನನ್ನು ಎದುರು ಹಾಕಿಕೊಳ್ಳಬೇಡ. ಇನ್ನೊಬ್ಬ ಇಂಜಿನಿಯರನ್ನು ಕರೆಸು. ತಾಳು.

ಮಾನಸ


ಶ್ರೀರಂಗಪಟ್ಟಣ
೨೦ ಏಪ್ರಿಲ್ ೧೯೯೪

ಮಾನಸ,

ನಿನ್ನ ಹದಿನೈದರ ಕಾಗದ ಇವತ್ತು ಬಂತು. ಅದು ಹೇಗೆ ಅಷ್ಟು ಧೈರ್ಯ ನಿನಗೆ! ಎರಡು ಸಲ ಓದಿ ಪೇಟೆಗೆ ಹೋಗಿ ಉಳಿ ಕೊಂಡು ತಂದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೊರಡುತ್ತೇನೆ.

ರಂ.


ಗೌರಿಕೊಪ್ಪಲು
೨೨ ಏಪ್ರಿಲ್ ೧೯೯೪

ಪ್ರಿಯ ಮಾನಸ,

ನಿನ್ನೆ ಹೊಡೆದೆ.

ಯಾರಿಗೂ ಹೇಳದೆ, ಊಟದ ಚೀಲದಲ್ಲಿ ಉಳಿ ಸುತ್ತಿಗೆ ಇಟ್ಟುಕೊಂಡು, ಬಸ್ಸಿಳಿದು ನೇರ ಏಣಿ ಹತ್ತಿದೆ. ಮೊದಲ ಏಟು ಹಾಕುವಾಗ ನನಗೂ ಮೈ ಜುಮ್ಮೆಂದಿತು. ಎಷ್ಟಾದರೂ ನಾನೇ ಹಾಕಿಸಿದ ಮೋಲ್ಡು. ನಾಲ್ಕು ಏಟು ಬೀಳುವುದರೊಳಗೆ ಕೆಳಗೆ ಊರು ಸೇರಿತು. ಚಿಕ್ಕಸ್ವಾಮಿ ರಸ್ತೆಯಿಂದಲೇ ಕೂಗಿದ, ‘ಯಾರ್ನ ಕೇಳಿ ಒಡೀತಾ ಇದ್ದೀರಾ ಮೇಡಂ? ಕರಿಯಣ್ಣ, ಬಾ ಇಲ್ಲಿ, ನಿನ್ ಮಗಳು ಮಾಡ್ತಿರೋದ ನೋಡು!’

ಅಪ್ಪ ಮೇಲೆ ಬಂದ. ಬೈಯುತ್ತಾನೆ, ಸುತ್ತಿಗೆ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ನಾನು ಹೊಡೆಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರು ಮಾಡುವ ಶಕ್ತಿ ನನಗಿರಲಿಲ್ಲ. ಅವನು ಟವಲ್ಲನ್ನು ಹೆಗಲಿಂದ ತೆಗೆದು ಕೆಳಗೆ ಹಾಕಿ ನನ್ನೆದುರಿಗೆ ಕುಕ್ಕರಗಾಲಲ್ಲಿ ಕೂತ. ಒಂದಂಗುಲ ಹೋಯಿತು, ಕಂಬಿ ಇಲ್ಲ. ಎರಡಾಯಿತು. ‘ಎಷ್ಟ್ರಲ್ಲಿ ಸಿಗ್ಬೇಕಾಗಿತ್ತು?’ ಎಂದು ಮೆಲ್ಲಗೆ ಕೇಳಿದ. ‘ಆಗಲೇ ಸಿಗಬೇಕಾಗಿತ್ತು’ ಎಂದೆ. ಕೈಯಲ್ಲಿ ಬೊಬ್ಬೆ ಎದ್ದಿತ್ತು. ಆರಂಗುಲದ ಮೋಲ್ಡಿನಲ್ಲಿ ನಾಲ್ಕೂವರೆ ಅಂಗುಲ ಇಳಿದ ಮೇಲೆ ಉಳಿಗೆ ಕಬ್ಬಿಣ ತಗುಲಿತು.

‘ಬೆರಳು ಹಾಕಿ ನೋಡಪ್ಪ’ ಎಂದೆ. ಹಾಕಿದ. ಬೆರಳು ಪೂರ್ತಿ ಒಳಗೆ ಹೋಗಿ ಆಮೇಲೆ ಕಂಬಿ ಮುಟ್ಟಿತು. ಸುತ್ತ ತಿರುಗಿ ಜಾಗ ನೋಡಿದ. ‘ಇಲ್ಲೇ ಅಲ್ವಾ ನಾನ್ ನಿಂತಿದ್ದು?’ ಎಂದ. ಟವಲ್ಲು ಕೊಡವಿಕೊಂಡು ಏಣಿ ಇಳಿದು ಹೋದ. ಅದಾದ ಮೇಲೆ ಇವತ್ತಿನವರೆಗೂ ನನ್ನ ಜೊತೆ ಒಂದು ಮಾತಿಲ್ಲ. ಊಟಕ್ಕೆ ಕೂತರೆ ಅವ್ವನ ಕಡೆ ತಿರುಗಿ ‘ಅವಳ್ಗೆ ಇಕ್ಕು’ ಎನ್ನುತ್ತಾನೆ, ಅಷ್ಟೆ.

ನಾನು ಇಳಿದಾಗ ಚಿಕ್ಕಸ್ವಾಮಿ ಜನರ ಕಡೆ ತಿರುಗಿ, ‘ಇಂಜಿನಿಯರಮ್ಮ ಶಾಲು ಒದ್ಕಂಡು ಕುಂತಿದ್ರೆ ಕಂಬಿ ಕಾಯೋರ್ಯಾರು?’ ಎಂದ. ಅಲ್ಲಿದ್ದವರೆಲ್ಲ ಹೌದು ಹೌದು ಎಂದರು. ಮಾನಸ, ನೀನು ಕೇಳಿದ್ದಕ್ಕೆ ನಾನು ಉತ್ತರ ಬರೆದಿರಲಿಲ್ಲ. ಫೋಟೊದವನ ಕೂಗು ನನಗೆ ಕೇಳಿಸಿತ್ತು. ಕಂಬಿ ಜಗ್ಗಿದ ಸದ್ದೂ ಕೇಳಿಸಿತ್ತು. ಆರತಿ ತಟ್ಟೆ ಹತ್ತಿರ ಬರುತ್ತಿತ್ತು. ನಡುವೆ ಎದ್ದರೆ ಏನೆಂದುಕೊಳ್ಳುತ್ತಾರೋ ಎಂದು ಕೂತೇ ಇದ್ದೆ.

ಒಡೆಯುವುದೆಂದು ರಾತ್ರಿ ಸಮಿತಿ ತೀರ್ಮಾನಿಸಿತು. ನನ್ನನ್ನು ಕರೆಯಲಿಲ್ಲ. ನಿನ್ನ ಕಾಗದ ಬರದೇ ಹೋಗಿದ್ದರೆ ನಾನು ಇನ್ನೂ ಆ ಕೋಣೆಯಲ್ಲೇ ತಿರುಗಾಡುತ್ತಿದ್ದೆ. ನಿನ್ನ ಋಣ ಹೇಗೆ ತೀರಿಸಲಿ?

ರಂಜಿತ


ಶ್ರೀರಂಗಪಟ್ಟಣ
೩೦ ಏಪ್ರಿಲ್ ೧೯೯೪

ಮಾನಸ,

ನಾನು ಊರಿಂದ ಬರುವಷ್ಟರಲ್ಲಿ ನಿನ್ನ ಹದಿನೆಂಟರ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಿನ್ನ ಧೈರ್ಯವನ್ನು ಕಡ ತಂದು ಉಳಿ ಹಿಡಿದೆ. ನಿನ್ನ ಹತ್ತಿರವೂ ಅದು ಇರಲಿಲ್ಲವಂತೆ!

ಶಿವಲಿಂಗಯ್ಯನವರು ಲೆಕ್ಕ ಚುಕ್ತಾ ಮಾಡಿ ನನ್ನನ್ನು ಕೆಲಸದಿಂದ ಕಳಿಸಿದರು. ‘ಕಾಂಕ್ರೀಟು ಹಾಕುವಾಗ ಎಲ್ಲಿದ್ದಿರಿ? ಒಡೆಯುವಾಗ ಯಾರನ್ನು ಕೇಳಿದಿರಿ?’ ಎಂದರು. ಅರ್ಪಿತಳ ಮದುವೆ ಬೂಕನಕೆರೆಗೆ ಹೋಯಿತು. ಅವಳ ತಾಯಿ ಊರಿಗೆಲ್ಲ ಲಗ್ನಪತ್ರಿಕೆ ಹಂಚಿ ನಮ್ಮ ಮನೆ ದಾಟಿ ಹೋದಳು. ಅವಳ ಮಗಳಿಗಾಗಿ ನಾನು ನಿದ್ದೆಗೆಟ್ಟಿದ್ದೆ.

ಕಂಬಿ ತಳದಲ್ಲಿತ್ತು, ಅದು ನಿಜ. ಆದರೆ ಇಲ್ಲದಿದ್ದರೆ? ಸುಳ್ಳು ಹೇಳಿ ನನ್ನ ಕೈಗೆ ಸುತ್ತಿಗೆ ಕೊಟ್ಟು ನೀನು ತಗಡಿನ ಕೆಳಗೆ ಕೂತಿದ್ದೆ. ನನಗೆ ಇನ್ನು ಬರೆಯಬೇಡ.

ರಂಜಿತ


ಸಂಗಮೇಶ್ವರ
೨೦ ಮೇ ೧೯೯೪

ರಂಜಿ,

ಬೇಡವೆಂದರೂ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕು, ಪರವಾಗಿಲ್ಲ.

ಮೊನ್ನೆ ಊಟದ ಬಿಡುವಿನಲ್ಲಿ ಕಾವಲುಗಾರನ ಟೋಪಿ ಹಾಕಿಕೊಂಡು, ಕೂಲಿಯವರನ್ನು ಮೇಲೆತ್ತುವ ಪಂಜರದಲ್ಲಿ ನಿಂತು ಕಂಬದ ತುದಿಗೆ ಹೋದೆ. ಅನುಮತಿ ಕೇಳಿದ್ದರೆ ಕೊಡುತ್ತಿರಲಿಲ್ಲ. ನಾನು ನಿನಗೆ ಬರೆದದ್ದು ಒಂದೂ ಸರಿಯಿಲ್ಲ. ದೋಣಿ ಸೌತೆಬೀಜದಷ್ಟು ಕಾಣುವುದಿಲ್ಲ, ಅದರಲ್ಲಿದ್ದವನು ಬೀಡಿ ಹಚ್ಚುವುದೂ ಕಾಣುತ್ತದೆ. ಭಯವಂತೂ ಹಿತ್ತಲಿಗೆ ಹೋಗಿ ಬಂದ ಹಾಗಿಲ್ಲ. ಎರಡು ಕೈಯಲ್ಲೂ ಕಂಬಿ ಹಿಡಿದು ನಿಂತಿದ್ದೆ. ಆದರೂ ಅಲ್ಲಿ ಕಟ್ಟಿದ್ದ ಕಂಬಿಗಳ ನಡುವೆ ಒಂದು ಕಡೆ ಅಂತರ ಹೆಚ್ಚಿದ್ದದ್ದು ಕಣ್ಣಿಗೆ ಬಿತ್ತು. ಹೇಳಿದೆ. ಸಾಹೇಬರಿಂದ ಬೈಸಿಕೊಂಡೆ. ಸಂಜೆ ಹೋಗಿ ಅದನ್ನು ಸರಿ ಮಾಡಿದರು.

ಅಪ್ಪಣೆಯಿಲ್ಲದೆ ಹತ್ತಿದ್ದಕ್ಕೆ ಮರುದಿನ ಮೆಮೊ ಕೊಟ್ಟರು. ಅದನ್ನು ಟೈಪು ಮಾಡಿದವಳೂ ನಾನೇ.

ಅಮ್ಮನಿಗೆ ನಿಜ ಬರೆದಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಇನ್ನೂ ಹತ್ತುತ್ತೇನೆ. ನಿನ್ನ ಕೈಯ ಬೊಬ್ಬೆ ವಾಸಿಯಾಯಿತೇ?

ಮಾನಸ


ನಾಗಮಂಗಲ
೧೯ ಜೂನ್ ೧೯೯೪

ಪ್ರಿಯ ಮಾನಸ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ, ನಗಬೇಡ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಇವತ್ತು ಆದದ್ದನ್ನು ಬೇರೆ ಯಾರಿಗೆ ಹೇಳಲಿ?

ಶ್ರೀರಂಗಪಟ್ಟಣದ ಕೋಣೆ ಬಿಟ್ಟು ಊರಿಗೆ ಬಂದು ತಿಂಗಳಾಯಿತು. ಬಾಲ್ಕನಿ ಇದ್ದ ಜಾಗದಲ್ಲಿ ತಗಡು ಹೊಡೆದಿದ್ದಾರೆ. ನಾಲ್ಕು ಕಡೆ ಅರ್ಜಿ ಹಾಕಿದೆ, ಎಲ್ಲ ಕಡೆಗೂ ನನಗಿಂತ ಮೊದಲೇ ನನ್ನ ಸುದ್ದಿ ಹೋಗಿತ್ತು. ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಬರೀ ಬಾಲ್ಕನಿ, ಚಜ್ಜಗಳೇ ಕಾಣುತ್ತವೆ. ಅವುಗಳ ಮೇಲೆ ಬಟ್ಟೆ ಒಣಹಾಕುವ ಹೆಂಗಸರನ್ನು ಕಂಡರೆ ಇಳಿದು ಹೋಗಿ ಕೇಳೋಣವೇ ಎನ್ನಿಸುತ್ತದೆ. ಇದು ಕಾಯಿಲೆಯೋ ಏನೋ.

ಇವತ್ತು ಇಲ್ಲಿ ಅವ್ವನ ಚಿಕ್ಕಪ್ಪನ ಮಗ ಚಲುವರಾಜುವಿನ ಹೊಸ ಮನೆಯ ಗೃಹಪ್ರವೇಶ. ಅವ್ವನ ಬಲವಂತಕ್ಕೆ ಬಂದೆ. ಅಪ್ಪ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ. ಮನೆಗೆ ಮುಂದಕ್ಕೆ ಚಾಚಿದ ದೊಡ್ಡ ಬಾಲ್ಕನಿ, ಮೊನ್ನೆಯಷ್ಟೇ ಸೆಂಟ್ರಿಂಗ್ ಬಿಚ್ಚಿದ್ದಾರಂತೆ. ಅದರ ನೆರಳಲ್ಲೇ ಊಟಕ್ಕೆ ಎಲೆ ಹಾಕಿದ್ದರು. ಎಲ್ಲರೂ ಕೂತರು. ಬಡಿಸಿಯಾಯಿತು. ಅಪ್ಪ ಮಾತ್ರ ತಲೆ ಎತ್ತಿ ಮೇಲೆ ನೋಡುತ್ತಾ ನಿಂತಿದ್ದ. ಆಮೇಲೆ ತನ್ನ ಎಲೆಯನ್ನು ಬಡಿಸಿದ ಅನ್ನದ ಸಮೇತ ಎತ್ತಿಕೊಂಡು ಹೋಗಿ ಬಿಸಿಲಿನಲ್ಲಿ ಕೂತ.

‘ಅದ್ಯಾಕ್ ಭಾವ ಬಿಸ್ಲಲ್ಲಿ?’ ಎಂದು ಚಲುವರಾಜು ಓಡಿ ಬಂದ.

‘ಇದ್ರ ಕಂಬಿ ಮೇಲೈತಾ, ಕೆಳ್ಗೈತಾ?’ ಎಂದ ಅಪ್ಪ.

‘ಅದ್ಯಾರ್ಗ್ ಗೊತ್ತು? ಮೇಸ್ತ್ರಿ ಆಕವ್ನೆ.’

‘ಅಂಗಾರೆ ನಂಗೆ ಸಾರು ಇಲ್ಲೇ ತಂದಿಕ್ಕು.’

ಪಂಕ್ತಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ‘ಮಗಳು ಒಡ್ದಾಗಿಂದ ಕರಿಯಣ್ಣಂಗೆ ಬಾಲ್ಕನಿ ಭೂತ ಮೆಟ್ಕಂಡೈತೆ ಬುಡಿ’ ಎಂದ ಒಬ್ಬ. ಚಲುವರಾಜುವಿಗೆ ಮುಖ ಕೆಂಪಾಯಿತು. ‘ಒಳ್ಳೆ ದಿನ ಬಂದು ಅಪಶಕುನ ನುಡಿತೀಯಲ್ಲ ಭಾವ, ನಿಂಗೇನ್ ಗೊತ್ತು ಮೋಲ್ಡಿನ್ ವಿಚಾರ?’ ಎಂದ.

‘ನಂಗೊತ್ತಿಲ್ಲ ಕಣ್ಲಾ. ಗೊತ್ತಿಲ್ದೆ ತುಳ್ದೋನು ನಾನು’ ಎಂದ ಅಪ್ಪ. ಅಷ್ಟು ಜನರ ಎದುರಿಗೆ ಅಂದ ಮಾನಸ, ನಮ್ಮಪ್ಪ! ಆಮೇಲೆ ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಕೈ ತೋರಿಸಿ, ‘ಇಂಜಿನಿಯರು ಅಲ್ ಕುಂತವ್ಳೆ. ಅವಳ್ನ ಕೇಳು’ ಎಂದ. ಎರಡು ತಿಂಗಳಿಂದ ನನ್ನ ಹೆಸರೆತ್ತದವನು.

ಚಲುವರಾಜು ಬಾಯಿ ತೆರೆಯುವ ಮೊದಲೇ ಅವನ ತಾಯಿ ಚಿಕ್ಕಬೋರಮ್ಮ, ‘ಒಂದ್ ಕಿತ ನೋಡ್ಬುಡವ್ವ, ಐಕ್ಳು ಓಡಾಡೋ ಜಾಗ’ ಎಂದರು. ಎಂಜಲು ಕೈ ತೊಳೆದು ಮೆಟ್ಟಿಲು ಹತ್ತಿದೆ. ಮೇಲೆ ಮೂವರು ಗಂಡಸರು ಎಲೆ ಅಡಿಕೆ ಹಾಕುತ್ತಾ ನಿಂತಿದ್ದರು. ಅವರನ್ನು ಒಳಕ್ಕೆ ಕಳಿಸಿ ಗೋಡೆಯ ಅಂಚಿನಲ್ಲಿ ಮಂಡಿಯೂರಿದೆ. ಗಾರೆಯ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಒಂದು ಸೀಳು. ಉಗುರು ಇಟ್ಟು ನೋಡಿದೆ, ಉಗುರು ಒಳಗೆ ಹೋಯಿತು. ಸೆಂಟ್ರಿಂಗ್ ಬಿಚ್ಚಿ ಎರಡೇ ದಿನಕ್ಕೆ ಇಷ್ಟು, ಇಲ್ಲೂ ಕಂಬಿ ಮೇಲಿಲ್ಲ.

ತುದಿಗೆ ಹೋಗದೆ ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಸಾಲಾಗಿ ತಲೆಗಳು. ಪಾಯಸ ಬಡಿಸುತ್ತಿದ್ದರು. ಎಲೆಯ ಮುಂದೆ ಕೂತವರು ಊಟದ ನಡುವೆ ಏಳಬಾರದು, ಎದ್ದರೆ ಅನ್ನಕ್ಕೂ ಮನೆಗೂ ಅವಮಾನ ಎಂದು ನಾವಿಬ್ಬರೂ ಕೇಳಿಕೊಂಡೇ ಬೆಳೆದವರು.

‘ಎಲ್ಲಾರೂ ಎಲೆ ಬಿಟ್ಟು ಎದ್ದೇಳಿ’ ಎಂದು ಕೂಗಿದೆ. ‘ಈಗಲೇ. ಆಚೆಗೆ ಹೋಗಿ.’

ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಎದ್ದರು, ಮಾನಸ. ಎಂಜಲು ಕೈಯಲ್ಲೇ, ಮಕ್ಕಳನ್ನು ಎಳೆದುಕೊಂಡು, ಅಷ್ಟೂ ಜನ ಎದ್ದು ಬಿಸಿಲಿಗೆ ಹೋಗಿ ನಿಂತರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ನಿನ್ನ
ರಂಜಿತ